ಕಲ್ಲಿನ ಕಾಟಜ್ಜಿ

“ಅದು ದೇವರಲ್ಲ! ಎಷ್ಟು ಸಾರಿ ಹೇಳ್ಬೇಕು?” ಕೂಗಿ ಕೂಗಿ ಓಬಮ್ಮನ ಗಂಟಲು ಕಟ್ಟಿತ್ತು.

ಯಾರು ಕೇಳುತ್ತಾರೆ? ಭುಜಕ್ಕೆ ಟ್ರಾನ್ಸಿಸ್ಟರ್ ನೇತುಹಾಕಿಕೊಂಡ ಬೀರಪ್ಪ ಇನ್ನೊಂದು ಕಾಯಿ ಒಡೆದೇಬಿಟ್ಟ. ನೀರೆಲ್ಲ ಅವಳ ಸ್ಕೂಲ್ ಲಂಗದ ಮೇಲೆ!

ಬೇವಿನ ಮರದ ಕೆಳಗೆ ಕೂತಿದ್ದದ್ದು ಅವಳ ಅಪ್ಪ ಅಜ್ಜಪ್ಪ ಕೆತ್ತಿದ ಕಲ್ಲಿನ ಹೆಂಗಸು. ಒಂದು ಮೊಣಕಾಲು ಎತ್ತಿ, ಅದರ ಮೇಲೆ ಗಲ್ಲ ಊರಿ ಕೂತ ಕುರಿ ಕಾಯುವವಳು. ಕಣ್ಣು ಮಾತ್ರ ಕೆತ್ತಿರಲಿಲ್ಲ.

ಅಪ್ಪ ಇಷ್ಟು ವರ್ಷ ಊರೂರಿನ ಗೋಪುರಗಳಿಗೆ ಸಿಮೆಂಟಿನ ದೇವರು ಮಾಡಿದ್ದ. ತನಗೆ ಬೇಕು ಅಂತ ಮಾಡಿದ್ದು ಇದೊಂದೇ. ಇವತ್ತೇ ಬೆಂಗಳೂರಿನ ಎಕ್ಸಿಬಿಷನ್‌ಗೆ ಹೋಗಬೇಕು. ನಾಲ್ಕು ಜನ ಕೈಹಚ್ಚದೆ ಎತ್ತುವ ಕಲ್ಲಲ್ಲ ಅದು. ಭರಮಸಾಗರದ ಗಂಡಸರೆಲ್ಲ ಕೈಕಟ್ಟಿ ನಿಂತಿದ್ದರು. ರಸ್ತೆಯಲ್ಲಿ ಕಲ್ಲನ್ನು ಒಯ್ಯಬೇಕಾದ ಈರುಳ್ಳಿ ಲಾರಿ ಹಾರ್ನ್ ಹೊಡೆಯುತ್ತಿತ್ತು.

“ಕಣ್ಣು ಯಾಕೆ ಕೆತ್ತಿಲ್ಲ ಹೇಳ್ರಿ?” ಬೀರಪ್ಪ ಎಲ್ಲ ಬಲ್ಲವನಂತೆ ಕೇಳಿದ. “ಪ್ರತಿಷ್ಠೆ ದಿನ ತೆರೆಸಾಕೆ! ಅಮ್ಮ ಇಲ್ಲೇ ಕುಂತವ್ಳೆ. ಯಾರೂ ಮುಟ್ಬ್ಯಾಡ್ರಿ!”

“ಅಪ್ಪಾ, ನೀನಾದ್ರೂ ಹೇಳಪ್ಪ!”

ಅಪ್ಪ ಬೀಡಿಯ ಬೂದಿ ಕೊಡವಿದ. “ಹೇಳ್ದೆ ಕಣಮ್ಮ. ಅದಕ್ಕೇ ಎರಡ್ನೇ ಕಾಯಿ ಒಡೆದ್ರು.”

“ಏನ್ರಿ, ಏರಿಸ್ತೀರೋ ಹೋಗ್ಲೋ?” ಲಾರಿಯ ಡ್ರೈವರ್ ಅರಚಿದ. “ಈರುಳ್ಳಿ ಕೊಳೀತವೆ!”

ಅಷ್ಟರಲ್ಲಿ ಬಂದಳು ಪಕ್ಕದ ಮನೆಯ ಕಾಟಜ್ಜಿ, ಕೈಯಲ್ಲಿ ಅರಿಶಿನ ಕುಂಕುಮ ಹಿಡಿದು. ಹಚ್ಚಿದವಳೇ ಉದ್ದಕ್ಕೆ ಅಡ್ಡಬಿದ್ದಳು. “ತಾಯೀ, ನನ್ನ ಕುರಿ ಕಾಯವ್ವ!”

ಓಬಮ್ಮ ಹಣೆ ಚಚ್ಚಿಕೊಂಡಳು. “ಅಜ್ಜೀ! ಅದು ನೀನೇ ಕಣಜ್ಜಿ!”

“ಬಿಡ್ತು ಅನ್ನೇ, ಮುಂಡೇದೆ!”

“ಗುಡ್ಡದಾಗೆ ಹೆಂಗೆ ಕುಂತ್ಕಂತೀಯ? ಹಂಗೇ ಕುಂತ್ಕ ಇಲ್ಲಿ!” ಓಬಮ್ಮ ರಟ್ಟೆ ಹಿಡಿದು ಎಳೆದಳು.

ಬೈಯುತ್ತಲೇ ಅಜ್ಜಿ ಕಲ್ಲಿನ ಪಕ್ಕ ಕೂತಳು. ಮೊಣಕಾಲು ತಾನಾಗಿ ಮೇಲೆದ್ದಿತು. ಗಲ್ಲ ಅದರ ಮೇಲೆ ಕೂತಿತು. ಬಿಸಿಲು ಹೊಡೆದು ಕಣ್ಣೆರಡೂ ಸುಕ್ಕಿನೊಳಗೆ ಮುಳುಗಿದವು.

ಯಾರೋ ಕಿಸಕ್ಕೆಂದರು. “ಥೂ, ಕಾಟಜ್ಜಿಗೆ ಕಾಯಿ ಒಡೆದ್ನಲ್ಲೋ!” ಎಂದು ಬೀರಪ್ಪ ತಲೆ ಕೆರೆದುಕೊಂಡ. ಗುಂಪೆಲ್ಲ ಗೊಳ್ಳೆಂದಿತು.

ಅಜ್ಜಿ ಮಾತ್ರ ನಗಲಿಲ್ಲ.

“ಬೇಸಿಗೆಯೆಲ್ಲ ಅಪ್ಪ ನಿನ್ನ ಮುಂದೇನೇ ಕುಂತು ಚಿತ್ರ ಬರ್ಕಂತಿರ್ಲಿಲ್ವಾ?” ಓಬಮ್ಮನಿಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ.

“ನನ್ನ ಹಿಂದಿರೋ ಗುಡ್ಡ ಬರೀತಾನೆ ಅಂದ್ಕಂಡಿದ್ದೆ,” ಎಂದಳು ಅಜ್ಜಿ. “ನನ್ನ ಯಾರು ಬರೀತಾರೆ?”

ಅವಳು ಸೆರಗಿನಿಂದ ಕಲ್ಲಿನ ಹಣೆಯ ಕುಂಕುಮ ಒರೆಸಿದಳು. ಆಮೇಲೆ ಕೆನ್ನೆ. ಆಮೇಲೆ ಕಿವಿಯ ಹಿಂದೆ. ಮಗುವಿಗೆ ನೀರು ಹಾಕಿ ಒರೆಸುವ ಹಾಗೆ, ನಿಧಾನವಾಗಿ.

ಗಂಡಸರು ಹಗ್ಗ ತಂದರು. ಲಾರಿ ಮತ್ತೆ ಹಾರ್ನ್ ಹೊಡೆಯಿತು. ‘ಬೇಗ ಅಜ್ಜಿ’ ಅನ್ನಲು ಓಬಮ್ಮ ಬಾಯಿ ತೆರೆದಳು. ಅಜ್ಜಿಯ ಕೈ ನೋಡಿ ತಿರುಗಿದಳು.

ರಸ್ತೆಗೆ ಓಡಿಹೋಗಿ ಲಾರಿಯ ಮುಂದೆ ನಿಂತಳು.

“ಸ್ವಲ್ಪ ತಡಿಯಣ್ಣ. ಅಜ್ಜಿ ಇನ್ನೂ ನೋಡ್ತಾ ಐತೆ.”