ಹಸಿರು ಪೊಟ್ಟಣದ ಹಿಂದಿನ ದೀಪ

ಪೈ-ರೊಂಗ್‌ಗೆ ತಪ್ಪೊಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

ಯು-ಹೆಂಗ್ ಅವಳನ್ನು ಮೊದಲು ನೋಡಿದ್ದೇ ಮಾತಿನ ಚಕಮಕಿಯಲ್ಲಿ. ತೈನಾನ್ ನಗರದಲ್ಲಿ ಅವಳು ಕೆಲಸಕ್ಕಿದ್ದ ಮದುವೆ ಫೋಟೋ ಸ್ಟುಡಿಯೋದ ಐದೂ ಕಂಪ್ಯೂಟರುಗಳಿಗೆ ಚಿತ್ರಗಳ ನಕಲು ಉಳಿಸಿಡುವ ಬ್ಯಾಕಪ್ ಪೆಟ್ಟಿಗೆ ಕೂರಿಸಲು ಬಂದವನು, ಕೆಲಸ ಮುಗಿದ ಮೇಲೆ ಅದರ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಟ್ಟ.

"ನೀವು ಇಂಜಿನಿಯರೋ, ಪೂಜಾರಿಯೋ?" ಎಂದಳು ಪೈ-ರೊಂಗ್.

"ಸಂಬಳ ಇಂಜಿನಿಯರದ್ದು. ಹಸಿರೇ ಇಡಬೇಕು, ಯಾರೂ ತಿನ್ನಬಾರದು, ತಾರೀಕು ಮೀರಬಾರದು. ಆಗ ಯಂತ್ರ ಹೇಳಿದ ಮಾತು ಕೇಳುತ್ತೆ."

"ಕೇಳದಿದ್ರೆ?"

"ಮುಂದಿರೋ ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ದಿನಾ ಸಂಜೆ ನೋಡಿ. ತಿರುಗಿದ್ರೆ ನಂಗೆ ಫೋನ್ ಮಾಡಿ." ಚೀಲ ಹೆಗಲಿಗೇರಿಸಿ, ಅವಳ ಮುಖ ನೋಡದೆ ಸೇರಿಸಿದ, "ತಿರುಗದಿದ್ರೂ ಮಾಡಬಹುದು."

ಅವಳು ಮಾಡಿದಳು. ವಾರಕ್ಕೆ ಎರಡು ಬೆಳಿಗ್ಗೆ ಇಬ್ಬರೂ ದನದ ಮಾಂಸದ ಸಾರು ಕುಡಿಯಲು ಹೋಗುವಷ್ಟು ಹತ್ತಿರವಾದರು.

ಆಗಸ್ಟ್‌ನಲ್ಲಿ ಪೊಟ್ಟಣದ ತಾರೀಕು ಮುಗಿಯಿತು. ಪೈ-ರೊಂಗ್ ದೊಡ್ಡದೇ ತಂದಳು. ನೆತ್ತಿಯ ಮೇಲೆ ನಿಲ್ಲಲಿಲ್ಲ. ಪೆಟ್ಟಿಗೆಯ ಮುಂದೆ ಒರಗಿಸಿದಳು. ಅಂದಿನಿಂದ ಸಂಜೆ ಅವಳು ನೋಡುತ್ತಿದ್ದುದು ಪೊಟ್ಟಣವನ್ನು. ಹಸಿರಾಗಿಯೇ ಇತ್ತು.

ಸೆಪ್ಟೆಂಬರ್‌ನಲ್ಲಿ ಮೂರನೇ ಕಂಪ್ಯೂಟರಿನ ಡಿಸ್ಕ್ ಸತ್ತಿತು. ಪೆಟ್ಟಿಗೆಯಲ್ಲಿ ಹುಡುಕಿದರೆ ಆರು ವಾರಗಳಿಂದ ಒಂದು ಚಿತ್ರವೂ ಬಂದು ಸೇರಿರಲಿಲ್ಲ.

"ಯಾರ ಕೆಲಸ ಇದು?" ಸ್ಟುಡಿಯೋದ ಒಡತಿ ಲಾನ್ ಅಕ್ಕ ಎಲ್ಲರೆದುರು ಕೇಳಿದರು.

"ನಾನು ದಿನಾ ನೋಡ್ತಿದ್ದೆ, ಅಕ್ಕ. ಇವರೇ ಸರಿಯಾಗಿ ಹೊಂದಿಸಿರಲಿಲ್ಲ," ಎಂದಳು ಪೈ-ರೊಂಗ್, ಫೋನ್ ಮಾಡಿ ಕರೆಸಿದ್ದ ಯು-ಹೆಂಗ್‌ನತ್ತ ಕೈ ತೋರಿಸಿ. ಅವಳು ಹಾಗೇ ನಂಬಿದ್ದಳು.

ಯು-ಹೆಂಗ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ. ಅದರ ಹಿಂದೆ ಇಣುಕಿದ. ಮತ್ತೆ ಅದನ್ನು ಇದ್ದಲ್ಲೇ ಇಟ್ಟ.

"ಹೌದು. ತಪ್ಪು ನನ್ನದು," ಎಂದ.

"ನಾಳೆಯಿಂದ ಈ ಕಡೆ ಬರಬೇಡಪ್ಪ," ಎಂದರು ಲಾನ್ ಅಕ್ಕ.

ಎಲ್ಲರೂ ಹೋದ ಮೇಲೆ ಪೈ-ರೊಂಗ್ ಪೊಟ್ಟಣ ಎತ್ತಿದಳು. ಹಿಂದೆ ಕಿತ್ತಳೆ ದೀಪ ಮಿಣುಕುತ್ತಿತ್ತು. ಪೆಟ್ಟಿಗೆ ತುಂಬಿ ಹೊಸ ಚಿತ್ರಗಳಿಗೆ ಜಾಗವಿರಲಿಲ್ಲ, ಅಷ್ಟೇ.

ಅವನಿಗೆ ಗೊತ್ತಿತ್ತು... ನೋಡಿಯೂ ಮುಚ್ಚಿಟ್ಟ.

ಒಂಬತ್ತು ದಿನ ಅವಳು ಬಾಯಿ ಬಿಡಲಿಲ್ಲ. ಸಾರಿನ ಅಂಗಡಿಯ ಬೀದಿ ಬಿಟ್ಟು ಸುತ್ತು ಹಾಕಿ ಕೆಲಸಕ್ಕೆ ಹೋದಳು. ಕನ್ನಡಿಯೆದುರು ಬೇಗ ಬೇಗ ತಲೆ ಬಾಚಿದಳು.

ಹತ್ತನೆಯ ದಿನ ಯು-ಹೆಂಗ್‌ನ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತಳು.

"ಲಾನ್ ಅಕ್ಕನಿಗೆ ಹೇಳಿದೆ. ಎಲ್ಲರೆದುರು."

"ಏನಂದ್ರು?"

"ಗಂಟೆಗಟ್ಲೆ ಬೈದ್ರು. ಆಮೇಲೆ ನಿನ್ನನ್ನ ಕರ್ಕೊಂಡು ಬಾ ಅಂದ್ರು."

"ಅದಕ್ಕೆ ಬಂದ್ಯಾ?"

"ಅಲ್ಲ..." ಅವಳು ನೆಲ ನೋಡಿದಳು. "ಆವತ್ತು ಯಾಕೆ ಹೇಳಲಿಲ್ಲ ನೀನು?"

"ಪೊಟ್ಟಣ ಇಡೋದು ಕಲಿಸಿದ್ದು ನಾನು. ಎಲ್ಲಿ ಇಡಬಾರದು ಅಂತ ಹೇಳಿರಲಿಲ್ಲ. ಪೆಟ್ಟಿಗೆ ತುಂಬೋ ಹೊತ್ತಿಗೆ ನಾನೂ ಬಂದು ನೋಡಬೇಕಿತ್ತು. ಸಾರು ಕುಡಿಯೋದ್ರಲ್ಲೇ ಮರೆತೆ."

"ಸಮಾಧಾನ ಮಾಡಬೇಡ. ನಿನ್ನ ಹೆಸರು ಕೆಡಿಸಿ ಒಂಬತ್ತು ದಿನ ಏನೂ ಆಗದ ಹಾಗೆ ಉಂಡೆ, ಮಲಗಿದೆ. ಈಗ ನೀನು ಇಷ್ಟ ಅನ್ನೋಕೂ ನಾಚಿಕೆಯಾಗುತ್ತೆ."

ಅವನು ಸ್ಟೂಲು ಅವಳತ್ತ ತಳ್ಳಿದ. "ನಾಚ್ಕೊಂಡೇ ಹೇಳು. ನಾನು ಕೇಳ್ತೀನಿ."

ಹೇಳಿದಳು. ಅವನು ಅವಳ ಕೈ ಹಿಡಿದ, ಬಿಡಲಿಲ್ಲ.

"ಡಿಸ್ಕ್‌ನಿಂದ ಏನಾದ್ರೂ ಸಿಗುತ್ತಾ?"

"ಇಲ್ಲ ರೊಂಗ್. ಆವತ್ತೇ ನೋಡಿದ್ದೆ. ಏನೇನು ಹೋಯ್ತು ಬರೆದುಕೋ. ಆ ಮನೆಗಳಿಗೆ ಇಬ್ಬರೂ ಹೋಗಿ ಹೇಳೋಣ."

ಅವಳು ಬರೆದಳು. ಮೂರು ಜೋಡಿಗಳು. ಎರಡು ಸಾವಿರದ ನೂರ ನಲವತ್ತಾರು ಚಿತ್ರಗಳು. ಅವುಗಳಲ್ಲಿ ಹದಿನೇಳರಲ್ಲಿ ಒಬ್ಬ ವಧುವಿನ ಅಜ್ಜಿ ಇದ್ದರು. ಆ ಅಜ್ಜಿ ಕಳೆದ ವಾರ ತೀರಿಕೊಂಡಿದ್ದರು.