ಹಲ್ಲಿನ ಮೇಲಿನ ಹಸಿರು

"ಕೈಗೆ ಬಳೆ ಇಲ್ಲ, ಹಣೆಗೆ ಬೊಟ್ಟಿಲ್ಲ, ಹಲ್ಲಿಗೆ ಮಾತ್ರ ಕ್ಲಿಪ್ಪು. ಏನ್ ಮೇಡಂ, ಇದು ಹೊಸ ಫ್ಯಾಷನ್ನಾ?"

ಜಯನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿದ್ದವನು ಕೇಳಿದ. ಕೇಳಿ ನಕ್ಕ. ಅವನ ಹಲ್ಲಿಗೂ ಕ್ಲಿಪ್ ಇತ್ತು. ತಂತಿಯನ್ನು ಹಿಡಿದಿಡುವ ಪುಟ್ಟ ರಬ್ಬರ್ ರಿಂಗುಗಳು ನೇರಳೆ ಬಣ್ಣದವು. ಮೂವತ್ತು ದಾಟಿದ ಗಂಡಸಿನ ಬಾಯಲ್ಲಿ ಅಂಥ ಬಣ್ಣವನ್ನು ನಾನು ಕಂಡಿರಲಿಲ್ಲ.

"ಹೌದು," ಎಂದೆ.

ಸುಳ್ಳು. ನನ್ನ ಗಂಡ ನಿಂಗರಾಜ ಸತ್ತು ಆಗ ನಾಲ್ಕು ತಿಂಗಳು. ಅಷ್ಟು ದಿನಗಳಲ್ಲಿ ನನ್ನೊಡನೆ ದನಿ ತಗ್ಗಿಸದೆ ಮಾತಾಡಿದ ಮೊದಲ ಮನುಷ್ಯ ಇವನು. ಆ ದನಿ ಇನ್ನೊಂದಿಷ್ಟು ಹೊತ್ತು ಇರಲಿ ಎನಿಸಿತು.

ಕ್ಲಿಪ್ ಹಾಕಿಸಿದ್ದು ನಿಂಗರಾಜ. ಸೊಟ್ಟ ಹಲ್ಲಿಗೆ ನಾಚಿ ನಾನು ಕೈ ಅಡ್ಡ ಹಿಡಿದು ನಗುವುದು ಅವನಿಗೆ ಸೇರುತ್ತಿರಲಿಲ್ಲ. ಪ್ರತಿ ತಿಂಗಳೂ ಜೊತೆಗೆ ಬಂದು ರಿಂಗಿನ ಬಣ್ಣ ಆರಿಸುತ್ತಿದ್ದ. ಮಡಿವಾಳದಲ್ಲಿ ಅವನ ಬೈಕಿಗೆ ಲಾರಿ ಬಡಿದಾಗ ನನ್ನ ಹಲ್ಲಿನ ಮೇಲೆ ಕೆಂಪು ಇತ್ತು.

ಊರಿಂದ ಬಂದ ಹೆಂಗಸರು ತಾಳಿ, ಬಳೆ, ಕಾಲುಂಗುರ ತೆಗೆದರು. ಅವನ ಚಿಕ್ಕಪ್ಪ ದುಂಡಪ್ಪ ನನ್ನ ಬಾಯಿ ನೋಡಿದರು.

"ಅದನ್ನೂ ತಗಸ್ರಿ. ಗಂಡ ಸತ್ತಾಕಿಗೆ ಶೃಂಗಾರ ಯಾಕ?"

ಮೂಲೆಯಲ್ಲಿ ಕಲ್ಲಿನಂತೆ ಕೂತಿದ್ದ ಅತ್ತೆ ಪಾರವ್ವ ಆಗ ತಲೆ ಎತ್ತಿದರು. "ಅದು ಶೃಂಗಾರ ಅಲ್ಲ, ಔಷಧ ಐತಿ. ನನ್ನ ಮಗಾ ಮಾಡ್ಸಿದ್ದು. ಯಾರೂ ಮುಟ್ಟಬ್ಯಾಡ್ರಿ."

ಅಂದಿನಿಂದ ನಾನು ಬೂದು ಬಣ್ಣವನ್ನೇ ಕೇಳುತ್ತಿದ್ದೆ. ಔಷಧವೆಂದು ಅತ್ತೆ ಕೊಟ್ಟ ಮಾತು ನನ್ನ ಬಾಯಲ್ಲಿತ್ತು.

ಕ್ಲಿನಿಕ್ಕಿನ ಬೆಂಚಿನವನ ಹೆಸರು ಮಹಾಂತೇಶ್. ಬನಶಂಕರಿಯಲ್ಲಿ ಬಳೆ, ಬಿಂದಿ, ಜುಮುಕಿ ಮಾರುವ ಫ್ಯಾನ್ಸಿ ಸ್ಟೋರ್ ಇಟ್ಟಿದ್ದ. ತಿಂಗಳಿಗೊಮ್ಮೆ ನಮ್ಮಿಬ್ಬರಿಗೂ ಕ್ಲಿನಿಕ್ಕಿನ ಸರದಿ ಒಂದೇ ದಿನ ಬೀಳುತ್ತಿತ್ತು. ಬೀಳುತ್ತಿತ್ತೋ, ಅವನು ಬೀಳಿಸಿಕೊಳ್ಳುತ್ತಿದ್ದನೋ, ನಾನು ಕೇಳಲಿಲ್ಲ.

"ಕಾಲೇಜ್ ಹುಡುಗೀರು ಬಂದು, ಅಣ್ಣಾ, ಹಲ್ಲಿಗೆ ಅಂಟಿಸ್ಕೊಳ್ಳೋ ಕಲರ್ ಕ್ಲಿಪ್ ಇದ್ಯಾ ಅಂತಾರೆ. ಅದೂ ಸರಿಯಾಗಿರೋ ಹಲ್ಲಿಗೆ! ನೋಡ್ತಿರಿ, ಇನ್ನೈದು ವರ್ಷಕ್ಕೆ ಜುಮುಕಿ ಪಕ್ಕದಲ್ಲೇ ನೇತುಹಾಕಿ ಮಾರ್ತೀನಿ."

"ಜುಮುಕಿ ನೋಯಲ್ಲ."

"ಕಿವಿ ಚುಚ್ಚಿಸ್ಕೊಂಡಿದ್ದು ಮರೆತ್ರಾ? ಚೆಂದ ಅನ್ನೋದೆಲ್ಲ ಮೊದ್ಲು ಸ್ವಲ್ಪ ನೋಯುತ್ತೆ ಮೇಡಂ."

ಮಾತಿನ ಜೊತೆಗೆ ನೋಟವೂ ಇತ್ತು. ನಾನು ಪತ್ರಿಕೆಯ ಹಾಳೆ ತಿರುವುವಾಗ ಅವನು ನನ್ನ ಮಣಿಕಟ್ಟು ನೋಡುತ್ತಿದ್ದ. ನಾನು ತಲೆ ಎತ್ತಿದರೆ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಗಂಭೀರವಾಗಿ ಓದುತ್ತಿದ್ದ.

ಒಂದು ತಿಂಗಳು ಹೇಳಿಯೇಬಿಟ್ಟ. "ಎರಡು ನಾಲ್ಕು."

"ಏನು?"

"ನಿಮ್ಮ ಬಳೆ ಸೈಜು. ಕಣ್ಣಳತೆಯಲ್ಲೇ ಗೊತ್ತಾಗುತ್ತೆ. ಮುಂದಿನ ಸಲ ಹಸಿರು ಗಾಜಿನದು ತರ್ತೀನಿ. ನಿಮ್ಮ ಫ್ಯಾಷನ್ ಒಂದಿನ ಕೆಡಿಸ್ಲೇಬೇಕು."

ನಾನೂ ಅತ್ತೆಯೂ ಇದ್ದ ಬಿಟಿಎಂನ ಮನೆಗೆ ಹೋಗುವ ಬಸ್ಸಿನಲ್ಲಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. ಬಳೆ ತೆಗೆದುಕೊಂಡರೆ ಮೋಸ. ನಿಜ ಹೇಳಿದರೆ ಅವನ ದನಿಯೂ ಎಲ್ಲರ ದನಿಯಂತೆ ತಗ್ಗುತ್ತದೆ. ಅದೊಂದು ದನಿ ಬಿಟ್ಟರೆ ನನ್ನ ತಿಂಗಳಲ್ಲಿ ಬೇರೇನೂ ಇರಲಿಲ್ಲ.

ಮುಂದಿನ ಸಲ ನಾನು ಒಳಗೆ ಹೋದಾಗ ಅವನು ಆಗಲೇ ಕುರ್ಚಿಯಲ್ಲಿ ಒರಗಿದ್ದ. ತುಟಿ ಹಿಗ್ಗಿಸುವ ಪ್ಲಾಸ್ಟಿಕ್ ಬಾಯಿಗೆ ಹಾಕಿದ್ದರು. ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಬಳೆಗಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಅವನು ಮಾತಾಡಲಾರದ ಆ ಗಳಿಗೆಯನ್ನು ಬೇಕೆಂದೇ ಆರಿಸಿಕೊಂಡೆ.

"ಬಳೆ ಕೊಡ್ಬೇಡಿ, ಮಹಾಂತೇಶ್. ನಂದು ಫ್ಯಾಷನ್ ಅಲ್ಲ. ನನ್ನ ಗಂಡ ತೀರ್ಕೊಂಡು ಒಂದು ವರ್ಷ ಆಗ್ತಾ ಬಂತು. ಬಳೆ ತೆಗೆದ ಕೈ ಇದು."

ಅವನ ಕಣ್ಣುಗಳು ನನ್ನ ಕಡೆ ಹೊರಳಿ ಅಲ್ಲೇ ನಿಂತವು. ಬಾಯಿ ನಗುವಿನ ಹಾಗೆ ಅಗಲವಾಗಿ ತೆರೆದೇ ಇತ್ತು. ಅಷ್ಟು ಕೆಟ್ಟ ನಗುವನ್ನು ನಾನು ಇನ್ನೊಮ್ಮೆ ನೋಡಲಾರೆ.

ಸಹಾಯಕಿ ಪ್ರೇರಣಾ ಅವನ ಕೆಲಸ ಮುಗಿಸಿ ನನ್ನ ಬಾಯಿಗೆ ಪ್ಲಾಸ್ಟಿಕ್ ಹಾಕಿದಳು. ಹಳೆಯ ರಿಂಗುಗಳನ್ನು ಕಿತ್ತಳು. ಮಹಾಂತೇಶ್ ಬಾಯಿ ಮುಕ್ಕಳಿಸಿ ಬಾಗಿಲ ತನಕ ಹೋದ. ಹೋದ ಎಂದುಕೊಂಡೆ. ತಿರುಗಿ ಬಂದು ನನ್ನ ಕುರ್ಚಿಯ ಪಕ್ಕ ನಿಂತ.

"ಬಳೆ ಅಂಗಡಿಯೋನಾಗಿ ಬರಿಗೈ ಗುರುತು ಹಿಡೀಲಿಲ್ಲ ನಾನು. ತಿಂಗಳು ತಿಂಗಳೂ ಅದನ್ನೇ ತಮಾಷೆ ಮಾಡ್ದೆ. ಥೂ." ದನಿ ತಗ್ಗಿರಲಿಲ್ಲ. ಹೊರಗಿನ ಬೆಂಚಿಗೂ ಕೇಳಿಸುವಂತಿತ್ತು. "ಆದ್ರೂ ಹೇಳ್ತೀನಿ. ನೀವಂದ್ರೆ ನಂಗಿಷ್ಟ. ಭಾನುವಾರ ಮನೆಗೆ ಬಂದು ದೊಡ್ಡೋರ ಹತ್ರ ಮಾತಾಡ್ತೀನಿ. ಬೇಡ ಅನ್ನೋದಾದ್ರೆ ತಲೆ ಆಡಿಸಿಬಿಡಿ."

"ಮೇಡಂ, ಪ್ಲೀಸ್, ತಲೆ ಆಡಿಸ್ಬೇಡಿ," ಎಂದಳು ಪ್ರೇರಣಾ. "ತಂತಿ ಕೈಲಿದೆ."

ನಾನು ತಲೆ ಆಡಿಸಲಿಲ್ಲ. ಅವಳು ಬೂದು ರಿಂಗು ಎತ್ತಿಕೊಂಡಾಗ ಅವಳ ಕೈ ತಡೆದು, ತಟ್ಟೆಯಲ್ಲಿದ್ದ ಹಸಿರನ್ನು ಮುಟ್ಟಿ ತೋರಿಸಿದೆ.

ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಬಾಯಿ ಮುಚ್ಚಿಕೊಳ್ಳಲಿಲ್ಲ. ಅವರ ಕೈ ನಿಂತಿತು.

"ಔಷಧ ಹಸರ ಆತೇನು, ರಾಜಶ್ರೀ?"

"ಇದು ಔಷಧ ಅಲ್ರಿ ಅತ್ತಿ. ಶೃಂಗಾರ."

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಇಬ್ಬರೂ ತೆಗೆಯಲಿಲ್ಲ. ನಾನು ಮಹಾಂತೇಶನ ಹೆಸರು ಹೇಳಿದೆ, ಭಾನುವಾರ ಅವನು ಬರುವುದನ್ನೂ ಹೇಳಿದೆ.

"ದುಂಡಪ್ಪಗ ನಾ ಏನ ಹೇಳಲಿ? ಮಂದಿ ಮುಂದ ಮಾತು ಕೊಟ್ಟಾಕಿ ನಾನು."

ಅವರು ಗೋಡೆಗೆ ಮುಖ ಮಾಡಿ ಅತ್ತರು, ಮಗ ಸತ್ತ ದಿನ ಅಳದಿದ್ದವರು. ನನಗೆ ಅಳು ಬರಲಿಲ್ಲ. ಅವರ ಬೆನ್ನ ಮೇಲೆ ಕೈ ಇಡಲೂ ಧೈರ್ಯವಾಗಲಿಲ್ಲ. ಆಮೇಲೆ, ತಿರುಗದೆಯೇ ಕೇಳಿದರು.

"ಅಂವನ ಬಾಯಾಗೂ ಇದ ಐತೇನು?"

"ಹೌದ್ರಿ."

"ಹಂಗಾರ ಕಡಕ್ ರೊಟ್ಟಿ ಕಡ್ಯಾಕ ಆಗಂಗಿಲ್ಲ ಅಂವಗ," ಎಂದರು. ಸೆರಗಿನಿಂದ ಮುಖ ಒರೆಸಿಕೊಂಡರು. "ಮೆತ್ತಂದ ಮಾಡಬೇಕಾಕ್ಕೈತಿ."