ಶಂಕರಿಯ ಲಾರಿ, ಮಹಾಬಲನ ಬಾರ್ಜ್

"ಇವನ ಬಾರ್ಜಿಗಿಂತ ನಮ್ಮ ಊರಿನ ಎಮ್ಮೆ ಬೇಗ ಈಜ್ತದೆ," ಎಂದು ಶಂಕರಿ ಕನ್ನಡದಲ್ಲೇ ಗೊಣಗಿದಳು. ಕೊಚ್ಚಿಯ ಆ ಹೋಟೆಲಿನ ಹಾಲ್‌ನಲ್ಲಿ ಸೇರಿದ್ದ ಲಾರಿ ಮಾಲೀಕರೆಲ್ಲ ಮಲಯಾಳಿಗಳು. ಯಾರಿಗೆ ಅರ್ಥವಾಗಬೇಕು?

ವೇದಿಕೆಯ ಮೇಲಿದ್ದವನು ಮಾತು ನಿಲ್ಲಿಸಿದ. "ಎಮ್ಮೆಯ ಮೇಲೆ ಅಷ್ಟು ಅಕ್ಕಿಮೂಟೆ ಹೇರ್ಲಿಕ್ಕೆ ಆಗುವುದಿಲ್ಲ ಮೇಡಂ," ಎಂದ, ಅಚ್ಚ ಕಾಸರಗೋಡಿನ ಕನ್ನಡದಲ್ಲಿ.

ಅವನು ಮಹಾಬಲ, ಬಾರ್ಜ್ ಎಂಬ ಸರಕು ದೋಣಿಗಳನ್ನು ಓಡಿಸುವ ಕಂಪನಿಯೊಂದರ ಮ್ಯಾನೇಜರ್. ಬಂದರಿನಿಂದ ತ್ರಿಪ್ಪುಣಿತ್ತುರದ ಗೋದಾಮಿಗೆ ಹೋಗುವ ಅಕ್ಕಿಯನ್ನು ಇನ್ನು ಮೇಲೆ ಕಾಲುವೆಯಲ್ಲಿ ಸಾಗಿಸಬೇಕೆಂದು ತಿರುವನಂತಪುರದ ಹೆಡ್ಡಾಫೀಸು ಅವನನ್ನು ಕಳಿಸಿತ್ತು. ಇಷ್ಟು ವರ್ಷ ಆ ಅಕ್ಕಿ ಹೊತ್ತದ್ದು ಕೊಚ್ಚಿಯದೇ ವೈಟ್ಟಿಲದಲ್ಲಿ ಆಫೀಸಿದ್ದ ಶಂಕರಿಯ ಲಾರಿಗಳು. ಅವನ ಕಣ್ಣು ಚಂದ ಎಂದು ಅವಳಿಗೆ ಅನ್ನಿಸಿದ್ದು ನಿಜ. ಕಣ್ಣು ಚಂದವಿದ್ದ ಮಾತ್ರಕ್ಕೆ ಹೊಟ್ಟೆಗೆ ಹೊಡೆಯಬಹುದೇ?

ಮರುವಾರ ಅವನು ಅವಳ ಆಫೀಸಿಗೇ ಬಂದ. ಅವಳು ಕೂರಿ ಎನ್ನಲಿಲ್ಲ.

"ಬಾರ್ಜ್ ಬಂದು ನಿಲ್ಲುವ ಜೆಟ್ಟಿಯಿಂದ ಗೋದಾಮಿಗೆ ಲಾರಿ ಬೇಕು. ನಿಮ್ಮದೇ ಇರಲಿ ಅಂತ."

"ನನ್ನ ಕೆಲಸ ಕಿತ್ತುಕೊಂಡು ನನ್ನ ಹತ್ತಿರವೇ ಲಾರಿ ಕೇಳ್ತೀರಲ್ಲ, ಮರ್ಯಾದೆ ಉಂಟಾ ನಿಮಗೆ?"

"ಇತ್ತು. ಮೊನ್ನೆ ಸಭೆಯಲ್ಲಿ ನೀವು ತೆಗೆದಿರಿ."

ನಗು ಬಂತು. ಅದು ಕಾಣದಂತೆ ಅವಳು ಕಂಪ್ಯೂಟರಿನ ಹಿಂದೆ ಮುಖ ತಗ್ಗಿಸಿದಳು. "ಈ ಸೆಕೆಗೆ ಟೈ ಬೇರೆ. ಕಾಲುವೆಯ ಮೀನುಗಳಿಗೆ ತೋರಿಸ್ಲಿಕ್ಕಾ?"

ಮುಂದಿನ ಸಲ ಅವನು ಟೈ ಇಲ್ಲದೆ ಬಂದ. ಅದು ತನ್ನ ಕಣ್ಣಿಗೆ ಬಿದ್ದದ್ದಕ್ಕೆ ಶಂಕರಿಗೆ ತನ್ನ ಮೇಲೇ ಸಿಟ್ಟು ಬಂತು.

ಬಾರ್ಜ್ ಮೊದಲ ಸಲ ಹೊರಟ ದಿನ ಅದು ಸೋಲುವುದನ್ನು ನೋಡಲೆಂದೇ ಅವಳು ಜೆಟ್ಟಿಗೆ ಹೋದಳು. ಸೋಲು ನೋಡಲು ಇಷ್ಟು ಒಳ್ಳೆಯ ಸೀರೆ ಯಾಕೆ ಎಂದು ಅವಳ ಡ್ರೈವರ್ ಕೇಳಲಿಲ್ಲ, ಬದುಕಿಕೊಂಡ.

ಬಾರ್ಜ್ ಸೋತೇಬಿಟ್ಟಿತು. ಪ್ರೊಪೆಲ್ಲರ್‌ಗೆ ಕಳೆ ಸುತ್ತಿಕೊಂಡು ಕಾಲುವೆಯ ನಡುವೆ ನಿಂತಿತು. ದಡದಲ್ಲಿ ಪತ್ರಿಕೆಯವರು ಕಾಯುತ್ತಿದ್ದರು, ಮೋಡ ಕವಿಯುತ್ತಿತ್ತು. ಮಹಾಬಲ ಸಣ್ಣ ದೋಣಿಯಲ್ಲಿ ದಡಕ್ಕೆ ಬಂದ. ಪ್ಯಾಂಟು ಮೊಣಕಾಲಿನವರೆಗೆ ಕೆಸರು.

"ಮೂಟೆಗಳನ್ನು ದೋಣಿಯಲ್ಲಿ ದಡಕ್ಕೆ ತರಿಸಿ, ನಾನು ಲಾರಿ ಕೊಡ್ತೇನೆ," ಎಂದಳು ಶಂಕರಿ. "ಗೋದಾಮಿಗೆ ಸೇರಿಸಿ, ಬಾರ್ಜಿನಲ್ಲೇ ಬಂತು ಅಂತ ಹೇಳಿಬಿಡಿ. ನಿಮ್ಮಂಥವರಿಗೆ ಅಭ್ಯಾಸ ಇರಬೇಕಲ್ಲ?"

ಅವನ ಮುಖ ಕೆಂಪಾಯಿತು. "ಲಾರಿ ಕೊಡಿ, ಅಕ್ಕಿ ಒದ್ದೆಯಾಗಬಾರದು. ಆದರೆ ಸುಳ್ಳು ಹೇಳುವುದಿಲ್ಲ."

ಮೂಟೆಗಳೆಲ್ಲ ಲಾರಿ ಸೇರಿದ ಮೇಲೆ ಅವನು ಪತ್ರಿಕೆಯವರ ಮುಂದೆ ನಿಂತು, ಬಾರ್ಜ್ ಸಿಕ್ಕಿಹಾಕಿಕೊಂಡಿತು, ಕಳೆ ತೆಗೆಸದೆ ಹೊರಟದ್ದು ತನ್ನದೇ ತಪ್ಪು, ಅಕ್ಕಿ ಉಳಿಸಿದ್ದು ಶಂಕರಿಯವರ ಲಾರಿ ಎಂದ. ಫೋನಿನಲ್ಲಿ ಕೂಗಾಡುತ್ತಿದ್ದ ಬಾಸ್‌ಗೂ ಅದನ್ನೇ ಹೇಳಿದ. ಶಂಕರಿ ಕೂಡಿಟ್ಟುಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಹೊರಬರಲಿಲ್ಲ.

ಕಂಪನಿ ಅವನನ್ನು ವಾಪಸ್ ಕರೆಸಿಕೊಂಡಿತು. "ನೀವು ಗೆದ್ದಿರಿ, ಹೋಗ್ತಾ ಇದ್ದೇನೆ," ಎಂದು ಅವನು ಫೋನ್ ಮಾಡಿದಾಗ, "ಒಳ್ಳೇದಾಯ್ತು," ಎಂದು ಕಟ್ ಮಾಡಿದಳು. ಅಕ್ಕಿ ಮತ್ತೆ ಅವಳ ಲಾರಿಗಳಿಗೆ ಬಂತು. ಆದರೂ ಆಫೀಸಿನ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಒಳಗೆ ಬಂದವರು ಯಾರೇ ಆಗಲಿ ಸುಮ್ಮನೆ ಬೈಸಿಕೊಳ್ಳುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ತಿರುವನಂತಪುರದ ರೈಲು ಹತ್ತಿದಳು.

ಹೆಡ್ಡಾಫೀಸಿನ ಮೂಲೆಯ ಮೇಜಿನ ಹಿಂದೆ ಅವನಿದ್ದ. ಅವಳನ್ನು ಕಂಡು ಎದ್ದು ನಿಂತ.

"ಇದಾ ನಿಮ್ಮ ಸೀಟು? ನನ್ನ ಕ್ಲೀನರ್ ಕೂಡ ಇಲ್ಲಿ ಕೂರಲಿಕ್ಕಿಲ್ಲ," ಎಂದಳು. "ನಿಮ್ಮ ಬಾಸ್‌ನ ಹತ್ತಿರ ಈಗಷ್ಟೇ ಮಾತಾಡಿದೆ. ಕಳೆ ತೆಗೆಸಿ, ಬಾರ್ಜ್ ಮತ್ತೆ ಬರಲಿ. ಜೆಟ್ಟಿಯಲ್ಲಿ ನನ್ನ ಲಾರಿ ನಿಲ್ತದೆ. ಆದರೆ ಮ್ಯಾನೇಜರ್ ನೀವೇ ಆಗ್ಬೇಕು ಅಂತ ಹೇಳಿದ್ದೇನೆ."

"ಸೋತವನು ಯಾಕೆ?"

"ಸೋತೆ ಅಂತ ಬಾಯಿಬಿಟ್ಟು ಹೇಳಿದ ಗಂಡಸನ್ನು ನಾನು ಬೇರೆ ನೋಡ್ಲಿಲ್ಲ." ಅವಳ ದನಿ ಸಣ್ಣದಾಯಿತು. "ಇಷ್ಟು ದೂರ ಅಕ್ಕಿಗಾಗಿ ಬಂದದ್ದಲ್ಲ ಮಾರಾಯ್ರೆ."

ಅವನು ಏನೋ ಪಿಸುಗುಟ್ಟಿದ.

"ಎಂತ? ಹಾಗೆ ಮೆಲ್ಲ ಹೇಳಿದ್ರೆ ಯಾರಿಗೆ ಕೇಳ್ತದೆ?"

"ನನ್ನನ್ನು ಮದುವೆ ಆಗ್ತೀರಾ ಅಂತ ಕೇಳಿದೆ!"

ಆಫೀಸಿಡೀ ತಿರುಗಿ ನೋಡಿತು.

"ಆಗ್ತೇನೆ, ಆಗ್ತೇನೆ. ಕಿರುಚಬೇಡಿ," ಎಂದು ಶಂಕರಿ ಎಲ್ಲರ ಎದುರೇ ಅವನ ಕೈ ಹಿಡಿದುಕೊಂಡಳು.